ಫಾಗ್ ಸರ್ವರ್: ಮೆನು ಮೂಡುವವರೆಗಿನ ಪಾಡು

ಕಚೇರಿಯ 36 ಕಂಪ್ಯೂಟರ್‌ಗಳಿಗೆ ಒಂದೊಂದಾಗಿ ಪೆನ್‌ಡ್ರೈವ್ ಸಿಕ್ಕಿಸಿ ವಿಂಡೋಸ್ ಹಾಕುವ ಕೆಲಸದಿಂದ ಪಾರಾಗಲೆಂದು, ಮೂಲೆ ಸೇರಿದ್ದ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, ಅದರ ಮೇಲೆ ಫಾಗ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಸ್ಥಾಪಿಸಿಕೊಂಡು ಎಂಟು ತಿಂಗಳಾಯಿತು. ಮಾದರಿ ಯಂತ್ರವೊಂದರ ಡಿಸ್ಕನ್ನು ಸರ್ವರ್‌ಗೆ ನಕಲಿಸಿಕೊಂಡು ಉಳಿದ ಯಂತ್ರಗಳಿಗೆ ನೆಟ್‌ವರ್ಕ್ ಮೂಲಕ ಇಳಿಸುವ ಈ ಕೆಲಸವನ್ನು ಫಾಗ್ ಅಚ್ಚುಕಟ್ಟಾಗಿ ಮಾಡುತ್ತದೆ. ಯಂತ್ರ ತನ್ನ ಡಿಸ್ಕಿನ ಬದಲು ನೆಟ್‌ವರ್ಕ್‌ನಿಂದ ಬೂಟ್ ಆದಾಗ (ಇದಕ್ಕೆ ಪಿಎಕ್ಸ್‌ಇ ಎನ್ನುತ್ತಾರೆ) ಫಾಗ್‌ನ ಮೆನು ಬರುತ್ತದೆ. ನಾವು ಪಟ್ಟ ಪಾಡು ಬಹುಪಾಲು ಆ ಮೆನು ಪರದೆಯ ಮೇಲೆ ಮೂಡುವುದಕ್ಕೆ ಮುಂಚಿನದು.

ಮೊದಲ ದಿನ ಹೊಸ ಯಂತ್ರವೊಂದು ಐಪಿ ವಿಳಾಸ ಪಡೆಯಿತು, ಬೂಟ್ ಕಡತ ಯಶಸ್ವಿಯಾಗಿ ಇಳಿಯಿತು ಎಂದೂ ತೋರಿಸಿತು, ಮರುಕ್ಷಣವೇ ಏನೂ ಆಗದಂತೆ ಬೂಟ್ ಪಟ್ಟಿಗೆ ಹಿಂದಿರುಗಿತು. ತಪ್ಪು ನಮ್ಮದೇ: ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ, ಬೂಟ್ ಕಡತ ಯಾವುದೆಂದು ಹೇಳುವ 67ನೇ ಆಯ್ಕೆಯಲ್ಲಿ, ಬಯಾಸ್ ಎಂಬ ಹಳೆಯ ಫರ್ಮ್‌ವೇರ್ (ಯಂತ್ರವನ್ನು ಎಬ್ಬಿಸುವ ಒಳ ತಂತ್ರಾಂಶ) ಇರುವ ಯಂತ್ರಗಳಿಗೆಂದು ಬರೆದಿಟ್ಟಿದ್ದ ಕಡತದ ಹೆಸರು ಹಾಗೆಯೇ ಉಳಿದಿತ್ತು. ಬಯಾಸ್‌ನ ಜಾಗಕ್ಕೆ ಬಂದ ಹೊಸ ಯುಇಎಫ್‌ಐ ಇರುವ ಯಂತ್ರ ಆ ಕಡತವನ್ನು ಇಳಿಸಿಕೊಳ್ಳುತ್ತದೆಯೇ ಹೊರತು ನಡೆಸಲಾರದು. ಪ್ರತಿ ಯಂತ್ರವೂ ತಾನು ಯಾವ ಬಗೆಯದೆಂದು 93ನೇ ಆಯ್ಕೆಯಲ್ಲಿ ತಿಳಿಸುತ್ತದೆ. ಹಳೆಯ ಬಯಾಸ್ ಆದರೆ 0, 64 ಬಿಟ್‌ನ ಯುಇಎಫ್‌ಐ ಆದರೆ ಸಾಮಾನ್ಯವಾಗಿ 7. ಇದನ್ನು ನೋಡಿ ತಕ್ಕ ಕಡತ ಕೊಡುವಂತೆ ಅದೇ ಸರ್ವರ್‌ನಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶವನ್ನು ಪ್ರಾಕ್ಸಿ ಡಿಎಚ್‌ಸಿಪಿಯಾಗಿ (ವಿಳಾಸ ಹಂಚದೆ ಬೂಟ್ ಮಾಹಿತಿ ಮಾತ್ರ ಕೊಡುವಂತೆ) ನಿಲ್ಲಿಸಿದ ಮೇಲೆ, ರೂಟರ್ ಮುಟ್ಟುವ ಅಗತ್ಯವೇ ಬೀಳಲಿಲ್ಲ.

ಮೇಲಿನ ಮಹಡಿಯ ಯಂತ್ರಗಳ ಕಥೆ ಬೇರೆ. ಅಲ್ಲಿ ಪಿಎಕ್ಸ್‌ಇ-ಇ16, ಅಂದರೆ ಯಾವ ಡಿಎಚ್‌ಸಿಪಿ ಸರ್ವರ್‌ನಿಂದಲೂ ಉತ್ತರ ಬಂದಿಲ್ಲ ಎಂಬ ದೂರು. ವಿಂಡೋಸ್ ಏರಿದ ಮೇಲೆ ಅದೇ ಕೇಬಲ್‌ನಲ್ಲಿ ಇಂಟರ್ನೆಟ್ ಸರಾಗವಾಗಿ ಬರುತ್ತಿದ್ದುದರಿಂದ ಎರಡು ದಿನ ಸರ್ವರನ್ನೇ ಅನುಮಾನಿಸಿ ಕಾಲ ಕಳೆದೆವು. ಕೊನೆಗೆ ಡ್ರಾಯರ್‌ನಲ್ಲಿದ್ದ ಐದು ಪೋರ್ಟಿನ ಸಾದಾ ಸ್ವಿಚ್ ಒಂದನ್ನು ಗೋಡೆಯ ಪೋರ್ಟಿಗೂ ಕಂಪ್ಯೂಟರಿಗೂ ನಡುವೆ ಇಟ್ಟ ಕೂಡಲೇ ಮೆನು ಬಂತು. ಮಹಡಿಯ ಮುಖ್ಯ ಸ್ವಿಚ್, ಜಾಲದಲ್ಲಿ ಲೂಪ್ ಆಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ನಿಯಮದಂತೆ, ಪೋರ್ಟನ್ನು ತೆರೆಯಲು ಸುಮಾರು 30 ಸೆಕೆಂಡು ತೆಗೆದುಕೊಳ್ಳುತ್ತಿತ್ತು, ಯಂತ್ರ ಅಷ್ಟು ಹೊತ್ತು ಕಾಯುತ್ತಿರಲಿಲ್ಲ. ನಡುವಿನ ಸಾದಾ ಸ್ವಿಚ್ ಆ ಪೋರ್ಟನ್ನು ಮೊದಲೇ ತೆರೆಸಿ ಇಟ್ಟಿತ್ತು. ಆ ಪೋರ್ಟುಗಳಿಗೆ ಈ ಕಾಯುವಿಕೆಯನ್ನು ತಪ್ಪಿಸುವ ಪೋರ್ಟ್‌ಫಾಸ್ಟ್ ಕೊಟ್ಟೆವು, ಸಾದಾ ಸ್ವಿಚ್ ಡ್ರಾಯರಿಗೆ ಮರಳಿತು. ಫಾಗ್ ಹಾಕುವವರು ಅಂಥದ್ದೊಂದನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಈಥರ್ನೆಟ್ ಪೋರ್ಟೇ ಇಲ್ಲದ ತೆಳು ಲ್ಯಾಪ್‌ಟಾಪ್‌ಗಳಿಗೆ ಯುಎಸ್‌ಬಿ-ಸಿ ಅಡಾಪ್ಟರ್ ಬೇಕು. ಅವಕ್ಕೆ ನೆಟ್‌ವರ್ಕ್ ಬೂಟ್ ನಡೆಸಲು ಫಾಗ್ ಬಳಸುವ ಐಪಿಎಕ್ಸ್‌ಇ ಎಂಬ ತಂತ್ರಾಂಶದ ಸ್ವಂತ ಡ್ರೈವರ್‌ಗಳಿರುವ ಕಡತಕ್ಕಿಂತ, ಯಂತ್ರದ ಫರ್ಮ್‌ವೇರ್‌ನ ಡ್ರೈವರನ್ನೇ ಬಳಸುವ ಎಸ್‌ಎನ್‌ಪಿ ಕಡತ ಹೆಚ್ಚು ಒಗ್ಗಿತು. ಫಾಗ್ ಯಂತ್ರಗಳನ್ನು ಗುರುತಿಸುವುದು ಮ್ಯಾಕ್ ವಿಳಾಸದಿಂದ, ಅಂದರೆ ನೆಟ್‌ವರ್ಕ್ ಕಾರ್ಡ್ ಅಥವಾ ಅಡಾಪ್ಟರ್‌ಗೆ ಅಂಟಿಕೊಂಡಿರುವ ಗುರುತು ಸಂಖ್ಯೆಯಿಂದ. ಒಂದೇ ಅಡಾಪ್ಟರ್ ಐದು ಲ್ಯಾಪ್‌ಟಾಪ್‌ಗಳ ನಡುವೆ ಓಡಾಡಿದರೆ ಐದೂ ಅದರ ಲೆಕ್ಕದಲ್ಲಿ ಒಂದೇ ಆಗುತ್ತವೆ. ಬಯಾಸ್‌ನಲ್ಲಿ, ಅಡಾಪ್ಟರ್‌ನ ಬದಲು ಲ್ಯಾಪ್‌ಟಾಪ್‌ನದೇ ವಿಳಾಸ ತೋರಿಸುವ ಮ್ಯಾಕ್ ಪಾಸ್‌ಥ್ರೂ ಇದ್ದರೆ ಆನ್ ಮಾಡಿಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಮೆನು ಬಂದರೂ ಡಿಸ್ಕ್ ಕಾಣಲಿಲ್ಲ. ಬಯಾಸ್‌ನಲ್ಲಿ ಡಿಸ್ಕ್ ನಿಯಂತ್ರಣವನ್ನು ರೇಡ್‌ನಿಂದ (ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ವಿಧಾನ) ಎಎಚ್‌ಸಿಐ ಎಂಬ ಸಾದಾ ವಿಧಾನಕ್ಕೆ ಬದಲಿಸಿದಾಗ ಕಂಡಿತು. ಈ ಬದಲಾವಣೆಯನ್ನು ಮಾದರಿ ಯಂತ್ರದಲ್ಲಿ ವಿಂಡೋಸ್ ಹಾಕುವ ಮೊದಲೇ ಮಾಡಿಕೊಳ್ಳಿ, ಆಮೇಲೆ ಮಾಡಿದರೆ ಹಾಕಿದ ವಿಂಡೋಸ್ ಏಳುವುದೇ ಅನುಮಾನ.

ಮೆನು ಸಿಕ್ಕಿ ಡಿಸ್ಕೂ ಕಂಡ ನಂತರ ಹೇಳುವಂಥ ತೊಂದರೆಯೇನೂ ಇಲ್ಲ. ಬ್ರೌಸರ್‌ನಲ್ಲಿ ಕುಳಿತೇ ಯಂತ್ರಗಳನ್ನು ಗುಂಪು ಮಾಡಿ ಕೆಲಸ ಹಚ್ಚಬಹುದು, ನಮ್ಮ ಗಿಗಾಬಿಟ್ ಜಾಲದಲ್ಲಿ ಒಂದು ಯಂತ್ರಕ್ಕೆ ಕಾಫಿ ಕುಡಿದು ಬರುವಷ್ಟು ಸಮಯ ಸಾಕು.

ಒಂದು ಕೊರತೆ ಮಾತ್ರ ಉಳಿದಿದೆ. ನಾವು ಹಾಕಿಕೊಂಡ ಆವೃತ್ತಿಯ ಬೂಟ್ ಕಡತಗಳಿಗೆ ಸೆಕ್ಯೂರ್ ಬೂಟ್ (ನಂಬಿಕೆಯ ಡಿಜಿಟಲ್ ಸಹಿ ಇಲ್ಲದ ಕಡತಗಳನ್ನು ತಡೆಯುವ ಭದ್ರತಾ ವ್ಯವಸ್ಥೆ) ಒಪ್ಪುವ ಸಹಿ ಇಲ್ಲದ ಕಾರಣ ಪ್ರತಿ ಯಂತ್ರದಲ್ಲೂ ಅದನ್ನು ಮೊದಲು ಆಫ್ ಮಾಡಬೇಕು, ಕೆಲಸ ಮುಗಿದ ಮೇಲೆ ಮರೆಯದೆ ಆನ್ ಮಾಡಬೇಕು. ಹೀಗಾಗಿ ಪೆನ್‌ಡ್ರೈವ್ ಹಿಡಿದು 36 ಮೇಜು ಸುತ್ತುತ್ತಿದ್ದ ನಾನು ಈಗ ಬರಿಗೈಯಲ್ಲಿ, ಬಯಾಸ್ ತೆರೆಯಲು ಎಫ್2 ಕೀ ಒತ್ತುತ್ತಾ, ಎರಡೆರಡು ಸಲ ಸುತ್ತುತ್ತಿದ್ದೇನೆ.