ಬಣ್ಣದ ನಕ್ಷೆ ನೋಡಿ ಜಾಗ ತುಂಡು ಮಾಡಿಸಬೇಡಿ

ಹಿರಿಯರ ಜಾಗವನ್ನು ಪಾಲು ಮಾಡಿಸಿ, ಒಂದಿಷ್ಟನ್ನು ಸೈಟ್ ಮಾಡಿ ಮಾರುವ ಯೋಚನೆಯಲ್ಲಿರುವ ಉಡುಪಿ, ಮಂಗಳೂರು ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಸರ್ವೆ, ಕನ್ವರ್ಷನ್, ಲೇಔಟ್, ನೈನ್ ಇಲೆವೆನ್ ಎಲ್ಲ ನಮಗೆ ಬಿಡಿ, ನೀವು ಸಹಿ ಹಾಕಿದರೆ ಸಾಕು" ಎಂದು ಬಂದ ಒಬ್ಬ ಕನ್ಸಲ್ಟೆಂಟ್‌ನಿಂದಾಗಿ ನಮ್ಮ ಕುಟುಂಬ ಇವತ್ತಿಗೂ ತೊಂದರೆಯಲ್ಲಿದೆ. ಅವರ ಹೆಸರು ಬರೆಯುವುದಿಲ್ಲ. ಅವರು ಕೆಲಸ ಮಾಡಿದ ರೀತಿ ಹೇಳುತ್ತೇನೆ. ಅದೇ ರೀತಿಯಲ್ಲಿ ನಿಮ್ಮ ಮನೆಗೂ ಯಾರಾದರೂ ಬಂದರೆ ಗುರುತು ಸಿಗಲಿ.

ಜಾಗ ಇರುವುದು ಹಿರಿಯಡ್ಕದ ಕಡೆ. ಅಜ್ಜನ ಕಾಲದ ವರ್ಗ ಜಾಗ (ಕಂದಾಯ ಕಟ್ಟುವ ಸ್ವಂತ ಜಾಗ), ಪಹಣಿಯಲ್ಲಿ 1 ಎಕರೆ 60 ಸೆಂಟ್ಸ್. ಕೆಳಗೆ ಮಜಲು ಗದ್ದೆ, ಅದರ ಪಕ್ಕ ತೋಡು (ಸಣ್ಣ ಹಳ್ಳ), ನಡುವೆ ಮನೆ, ಬಾವಿ, ತೆಂಗು, ಮೇಲೆ ಮುರಕಲ್ಲಿನ ಗುಡ್ಡೆ, ಗುಡ್ಡೆಯ ಬದಿಯಲ್ಲಿ ನಾಗಬನ. ದೊಡ್ಡಪ್ಪ, ಅಪ್ಪ, ಅತ್ತೆ ಮೂವರು ಪಾಲುದಾರರು. ಗುಡ್ಡೆಯ ಭಾಗವನ್ನು ಸೈಟ್ ಮಾಡಿ ಮಾರಿ ಅತ್ತೆಗೆ ಹಣ ಕೊಡುವುದು, ಮನೆ ಮತ್ತು ಗದ್ದೆ ಅಣ್ಣತಮ್ಮಂದಿರಿಗೆ ಎಂದು ಮಾತಾಗಿತ್ತು.

ಕನ್ಸಲ್ಟೆಂಟ್ ಇಬ್ಬರು ಹುಡುಗರನ್ನೂ ಜಿಪಿಎಸ್ ಮೆಷಿನನ್ನೂ ಕರೆತಂದು ಬೇಲಿಯ ಸುತ್ತ ಅಳತೆ ಮಾಡಿದರು. ಆಮೇಲೆ ದೊಡ್ಡ ಹಾಳೆಯಲ್ಲಿ ನಕ್ಷೆ ಬಂತು. ಎಂಟು ಸೈಟು, 20 ಅಡಿ ರಸ್ತೆ, ಚರಂಡಿ, ಹಸಿರು ಬಣ್ಣದ ಪಾರ್ಕು. ದೊಡ್ಡಪ್ಪ ಒಂದೇ ಮಾತು ಕೇಳಿದ್ದರು: "ಸರ್ಕಾರದ ಸರ್ವೆ ಆಗ್ಬೇಡ್ವಾ?" ಬಂದ ಉತ್ತರ: "ಅದು ಕೊನೆಗೆ ಒಂದು ಫಾರ್ಮಾಲಿಟಿ ಮಾರಾಯ್ರೆ, ನೀವು ತಲೆಬಿಸಿ ಮಾಡ್ಬೇಡಿ." ಅರ್ಧ ಫೀಸು ತೆಗೆದುಕೊಂಡರು. ಗಿರಾಕಿಗಳನ್ನು ಅವರೇ ಕರೆತಂದು, ಛಾಪಾ ಕಾಗದದ ಮೇಲೆ ಅಗ್ರಿಮೆಂಟ್ ಮಾಡಿಸಿ, ಅಡ್ವಾನ್ಸಿನಲ್ಲಿ ತಮ್ಮ ಕಮಿಷನ್ ಹಿಡಿದುಕೊಂಡರು. ಜೆಸಿಬಿ ಬಂದು ಗುಡ್ಡೆ ಕಡಿದು ಕಲ್ಲು ಹಾಕಿಯೂ ಆಯಿತು.

ಸುಳಿವು ಸಿಕ್ಕಿದ್ದು ಬ್ಯಾಂಕಿನಿಂದ. ಸೈಟ್ ಗೊತ್ತು ಮಾಡಿದ್ದ ಒಬ್ಬರು ಸಾಲಕ್ಕೆ ಹೋದರು. ಬ್ಯಾಂಕಿನ ವಕೀಲರು ಕೇಳಿದ್ದು 11ಇ ನಕ್ಷೆ (ತುಂಡು ಮಾಡುವ ಭಾಗದ ಸರ್ಕಾರಿ ಅಳತೆಯ ನಕ್ಷೆ), ಕನ್ವರ್ಷನ್ ಆದೇಶ (ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸುವ ಆದೇಶ), ಲೇಔಟ್ ಮಂಜೂರಾತಿ, ನಮೂನೆ 9 ಮತ್ತು 11ಎ (ಪಂಚಾಯತಿನ ಇ-ಸ್ವತ್ತು ಆಸ್ತಿ ದಾಖಲೆಗಳು, "ನೈನ್ ಇಲೆವೆನ್" ಎನ್ನುವುದು ಇವನ್ನೇ). ನಮ್ಮಲ್ಲಿ ಇದ್ದದ್ದು ಬಣ್ಣದ ನಕ್ಷೆ ಮತ್ತು ಪಂಚಾಯತಿನ ಒಂದು ನಿರಾಕ್ಷೇಪಣಾ ಪತ್ರ. ಆ ಪತ್ರವನ್ನೇ "ಪಂಚಾಯತ್ ಅಪ್ರೂವಲ್" ಎಂದು ಎಲ್ಲರಿಗೂ ತೋರಿಸಿದ್ದರು. ಎರಡೂ ಒಂದೇ ಅಲ್ಲ.

ಆಮೇಲೆ ನಾವೇ ತಾಲೂಕು ಕಚೇರಿಗೆ ಹೋಗಿ 11ಇ ನಕ್ಷೆಗೆ ಅರ್ಜಿ ಹಾಕಿದೆವು. ಪರವಾನಗಿ ಇರುವ ಭೂಮಾಪಕರು ಎಫ್‌ಎಂಬಿ, ಅಂದರೆ ಸರ್ವೆ ಇಲಾಖೆಯ ಅಳತೆ ಪುಸ್ತಕದ ಅಳತೆ ಹಿಡಿದು, ಹಳೆಯ ಗಡಿಕಲ್ಲು ಹುಡುಕಿ ಅಳೆದರು. ಎಂಟು ಸೈಟಿನಲ್ಲಿ ಮೂರು ಪೂರ್ತಿಯಾಗಿ, ಇನ್ನೊಂದು ಅರ್ಧದಷ್ಟು, ಕುಮ್ಕಿಯಲ್ಲಿತ್ತು.

ಘಟ್ಟದ ಮೇಲಿನ ಊರುಗಳವರಿಗೆ ಕುಮ್ಕಿ ಎಂದರೆ ತಿಳಿಯದಿರಬಹುದು, ನಮ್ಮ ಜಿಲ್ಲೆಗಳಲ್ಲಿ ಎಲ್ಲ ಗಲಾಟೆಯೂ ಅಲ್ಲಿಂದಲೇ. 1956ರವರೆಗೆ ನಾವು ಮದ್ರಾಸಿಗೆ ಸೇರಿದ್ದೆವು, ಕುಮ್ಕಿ ಆ ಕಾಲದಿಂದ ಬಂದ ಪದ್ಧತಿ. ಹಳೆಯ ವರ್ಗ ಜಾಗದ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ವರ್ಗದಾರ ಸೊಪ್ಪು, ಕಟ್ಟಿಗೆ ತೆಗೆಯಬಹುದು, ದನ ಮೇಯಿಸಬಹುದು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಆ ಸವಲತ್ತನ್ನು ಉಳಿಸಿಕೊಟ್ಟಿದೆ. ಆದರೆ ಜಾಗ ಸರ್ಕಾರದ್ದೇ. ತಲೆಮಾರುಗಳಿಂದ ಬೇಲಿ ಹಾಕಿ, ಗೇರು ನೆಟ್ಟು ನಮ್ಮದೆಂದೇ ಬದುಕಿದ್ದರೂ ಅದನ್ನು ಸೈಟ್ ಮಾಡಿ ಮಾರಲು ಬರುವುದಿಲ್ಲ. ಈ ಜಿಲ್ಲೆಯಲ್ಲೇ ಕೆಲಸ ಮಾಡುವ ಕನ್ಸಲ್ಟೆಂಟ್‌ಗೆ ಇದು ಗೊತ್ತಿಲ್ಲದ ವಿಷಯವೇ ಅಲ್ಲ. ಬೇಲಿಯನ್ನೇ ಗಡಿ ಎಂದು ಅಳೆದದ್ದು ಸೈಟಿನ ಸಂಖ್ಯೆ ಹೆಚ್ಚಿಸಲು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ರಸ್ತೆಯದು ಇನ್ನೊಂದು ಕತೆ. ಅವರ 20 ಅಡಿ ರಸ್ತೆ ತೋಡಿನ ಮೇಲೆ ಹೋಗುತ್ತಿತ್ತು. ತೋಡಿಗೆ ಎರಡು ಸಿಮೆಂಟ್ ಪೈಪು ಇಟ್ಟು ಮಣ್ಣು ಮುಚ್ಚಿದ್ದರು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು. ಆಟಿಯ ಮಳೆಗೆ ಪೈಪು ಕಟ್ಟಿಕೊಂಡು, ಕಡಿದ ಗುಡ್ಡೆಯ ಕೆಂಪು ಮಣ್ಣೆಲ್ಲ ಕೆಳಗಿನ ಮನೆಯವರ ಗದ್ದೆಗೆ ನುಗ್ಗಿತು. ನೇಜಿ (ಭತ್ತದ ಸಸಿ) ನೆಟ್ಟು ಮುಗಿಸಿದ್ದ ಗದ್ದೆ. ಅವರು ತಹಶೀಲ್ದಾರರಿಗೆ ದೂರು ಕೊಟ್ಟರು, ಕೊಡಲೇಬೇಕಿತ್ತು. ದೂರಿನಲ್ಲಿ ಹೆಸರು ಇರುವುದು ಜಾಗದ ಯಜಮಾನರಾದ ದೊಡ್ಡಪ್ಪನದು, ಕನ್ಸಲ್ಟೆಂಟ್‌ನದಲ್ಲ. ತಲೆತಲಾಂತರದಿಂದ ಒಂದೇ ತೋಡಿನ ನೀರು ಹಂಚಿಕೊಂಡ ಮನೆಗಳ ನಡುವೆ ಈಗ ಮಾತಿಲ್ಲ.

ನನಗೆ ಅತಿ ಹೆಚ್ಚು ಸಂಕಟವಾದದ್ದು ನಾಗಬನದ ವಿಷಯದಲ್ಲಿ. ಆ ನಕ್ಷೆಯಲ್ಲಿ ನಾಗಬನ ನಾಲ್ಕನೇ ನಂಬರ್ ಸೈಟಿನೊಳಗೆ ಸೇರಿತ್ತು. ಗುರುತು ಕೂಡ ಹಾಕಿರಲಿಲ್ಲ. ನಾಗರಪಂಚಮಿಗೆ ತನು (ಹಾಲು, ಸೀಯಾಳ) ಎರೆಯಲು ಕುಟುಂಬದವರೆಲ್ಲ ಬರುವ ಜಾಗ ಅದು, ಅತ್ತೆ ಮುಂಬೈಯಿಂದ ಬರುತ್ತಾರೆ. ಜಾಗ ಯಾರಿಗೋ ಮಾರಿಹೋದ ಮೇಲೆ ಅಲ್ಲಿಗೆ ಹೋಗುವ ದಾರಿ ಯಾರದು? ಕರಾವಳಿಯಲ್ಲಿ ಪಾಲು ಮಾಡಿಸುವವರು ನಾಗಬನ, ದೈವದ ಸ್ಥಾನ, ಬಾವಿ ಇವನ್ನೂ, ಅವುಗಳಿಗೆ ಹೋಗುವ ಕಾಲುದಾರಿಯನ್ನೂ ಮೊದಲೇ ಬೇರೆ ತೆಗೆದು, ಎಲ್ಲ ಪಾಲುದಾರರಿಗೂ ಹಕ್ಕು ಇದೆ ಎಂದು ಪಾಲುಪಟ್ಟಿಯಲ್ಲೂ ನಕ್ಷೆಯಲ್ಲೂ ಬರೆಸಿ. ಬಾಯಿಮಾತಿನ ದಾರಿ ಈ ತಲೆಮಾರಿಗೆ ನಡೆಯುತ್ತದೆ, ಜಾಗ ಕೈ ಬದಲಾದ ದಿನ ಅಲ್ಲಿ ಗೇಟು ಬೀಳುತ್ತದೆ.

ಕೆಲಸ ನಡೆಯಬೇಕಾದ ಕ್ರಮ ಇದು. ಮೊದಲು ಪಹಣಿ, ಮೂಲ ದಾಖಲೆ, ಎಫ್‌ಎಂಬಿ ನಕ್ಷೆ ತೆಗೆಸಿ. ಗಡಿಯ ಬಗ್ಗೆ ಸಣ್ಣ ಅನುಮಾನವಿದ್ದರೂ ಹದ್ದುಬಸ್ತಿಗೆ (ಸರ್ಕಾರಿ ಸರ್ವೆಯಿಂದ ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಿ, ಅಕ್ಕಪಕ್ಕದವರ ಎದುರಿಗೇ ಕಲ್ಲು ಹಾಕಿಸಿ. ಅಕ್ರಮ ಸಕ್ರಮದಲ್ಲಿ ಸಿಕ್ಕಿದ ಜಾಗವಾದರೆ ಪ್ಲಾಟಿಂಗ್ (ಆ ಭಾಗವನ್ನು ಅಳೆದು ಬೇರೆ ನಂಬರ್ ಕೊಡುವ ಕೆಲಸ) ಆಗಿದೆಯೇ, ಮಾರಬಾರದೆಂಬ ಷರತ್ತಿನ ಅವಧಿ ಮುಗಿದಿದೆಯೇ ನೋಡಿ. ಯೋಜನೆ ಹಾಕುವವರು ಬರಬೇಕಾದ್ದು ಇದರ ನಂತರ, ಒಳ್ಳೆಯ ಪ್ಲಾನರ್ ತಾನೇ ಎಫ್‌ಎಂಬಿ ಕೇಳುತ್ತಾರೆ, ಮಳೆಗಾಲದಲ್ಲಿ ನೀರು ಎಲ್ಲಿ ಹರಿಯುತ್ತದೆ ಎಂದೂ ಕೇಳುತ್ತಾರೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಿರಲಿ, ಪಾಲು ಮಾಡುವುದಿರಲಿ, ನೋಂದಣಿಗೆ 11ಇ ನಕ್ಷೆ ಬೇಕು. ಮನೆ ಸೈಟಿಗಾದರೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ, ಆಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಲೇಔಟ್ ಮಂಜೂರಾತಿ, ಅದು ಸಿಕ್ಕ ಮೇಲೆ ಇ-ಸ್ವತ್ತಿನಲ್ಲಿ 9 ಮತ್ತು 11ಎ. ಅದಾದ ಮೇಲೆ ಮಾರಾಟ. ನಮ್ಮವರಿಗೆ ಇದನ್ನೆಲ್ಲ ತಲೆಕೆಳಗು ಮಾಡಿ, ಮೊದಲು ಗಿರಾಕಿ, ಕೊನೆಗೆ ಸರ್ವೆ ಎಂದು ನಂಬಿಸಿದ್ದರು.

ಸೈಟ್ ಕೊಳ್ಳುವವರಿಗೂ ಒಂದು ಮಾತು. ಯೋಜನಾ ಪ್ರದೇಶದೊಳಗೆ 500 ಚದರ ಮೀಟರಿಗಿಂತ, ಅಂದರೆ ಸುಮಾರು ಹನ್ನೆರಡೂಕಾಲು ಸೆಂಟ್ಸಿಗಿಂತ ದೊಡ್ಡ ಜಾಗವನ್ನು ಸೈಟ್ ಮಾಡಿ ಮಾರುವವರಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ಆ ನಂಬರ್ ಕೇಳಿ. 11ಎ ಬದಲು 11ಬಿ (ಮಂಜೂರಾತಿ ಇಲ್ಲದ ಆಸ್ತಿಯ ನಮೂನೆ) ತೋರಿಸಿದರೆ ಅಡ್ವಾನ್ಸ್ ಕೊಡುವ ಮೊದಲು ವಕೀಲರ ಹತ್ತಿರ ಹೋಗಿ.

ನಮ್ಮ ಸ್ಥಿತಿ ಈಗ ಹೀಗಿದೆ: ಅಡ್ವಾನ್ಸ್ ಕೊಟ್ಟವರಿಗೆ ಹಣ ವಾಪಸ್ ಕೊಡುತ್ತಿದ್ದೇವೆ, ಕನ್ಸಲ್ಟೆಂಟ್ ಹಿಡಿದುಕೊಂಡ ಕಮಿಷನ್ ಕೂಡ ನಮ್ಮ ಕೈಯಿಂದಲೇ ಹೋಗುತ್ತಿದೆ. ತೋಡಿನ ಪೈಪು ತೆಗೆಸಿ ಮಣ್ಣು ಎತ್ತಿಸಿದ್ದೇವೆ. ಅತ್ತೆಯ ಪಾಲಿನ ಹಣ ಇನ್ನೂ ಕೊಡಲಾಗಿಲ್ಲ.

ಯಾರಿಗಾದರೂ ಈ ಕೆಲಸ ವಹಿಸುವುದಾದರೆ ಫೀಸನ್ನು ಕಂತಿನಲ್ಲಿ ಕೊಡಿ, ಪ್ರತಿ ಕಂತನ್ನೂ ಒಂದೊಂದು ಸರ್ಕಾರಿ ದಾಖಲೆಗೆ ಕಟ್ಟಿ: 11ಇ ನಕ್ಷೆ ಕೈಗೆ ಬಂದಾಗ ಇಷ್ಟು, ಕನ್ವರ್ಷನ್ ಆದೇಶ ಬಂದಾಗ ಇಷ್ಟು ಎಂದು ಕರಾರಿನಲ್ಲೇ ಇರಲಿ. ಅರ್ಜಿ ನಂಬರ್, ಚಲನ್ ರಶೀದಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅಳತೆ ಮಾಡುವವರಿಗೆ ಪರವಾನಗಿ ಇದೆಯೇ ಎಂದು ತಾಲೂಕು ಸರ್ವೆ ಕಚೇರಿಯಲ್ಲಿ ವಿಚಾರಿಸಿ. ಹದ್ದುಬಸ್ತಿಗೆ ಅರ್ಜಿ ಹಾಕುವುದಾದರೆ ದೀಪಾವಳಿ ಕಳೆದ ಕೂಡಲೇ ಹಾಕಿಬಿಡಿ. ಮಳೆ ಶುರುವಾದರೆ ಕಾಡು ಬೆಳೆದು ಹಳೆಯ ಗಡಿಕಲ್ಲು ಕಣ್ಣಿಗೆ ಬೀಳುವುದಿಲ್ಲ, ಕೆಲಸ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ.