ಮೇಪಲ್ ಬೋನ್ಸಾಯ್‌ಗೆ ಅಕಡಾಮ: ಕೊಟ್ಟ ಬೆಲೆಗೆ ತಕ್ಕ ಮಣ್ಣೇ?

ಜಪಾನಿನಿಂದ ಬರುವ ಅಕಡಾಮ ಮಣ್ಣಿನ ಚೀಲಕ್ಕೆ ಅಮೆರಿಕದ ಪೇಟೆಯಲ್ಲಿ ಹೇಳುವ ಬೆಲೆಯನ್ನು ಕೇಳಿದ ಯಾರಿಗಾದರೂ ಮಣ್ಣಿಗೂ ಇಷ್ಟು ದುಡ್ಡೇ ಎನ್ನಿಸದೆ ಇರದು. ನ್ಯೂಜೆರ್ಸಿಯ ಮನೆಯ ಹಿತ್ತಿಲಿನಲ್ಲಿ ಜಪಾನಿ ಮೇಪಲ್ ಮತ್ತು ಟ್ರೈಡೆಂಟ್ ಮೇಪಲ್ ಗಿಡಗಳನ್ನು ಕುಂಡದಲ್ಲಿ ಬೆಳೆಸುತ್ತ ಬಂದಿರುವ ನಾನು ಮೂರು ಬಗೆಯ ಮಣ್ಣನ್ನು ಬಳಸಿ ನೋಡಿದ್ದೇನೆ: ಅಕಡಾಮವೇ ಹೆಚ್ಚಾಗಿರುವ ಮಿಶ್ರಣ; ಅಕಡಾಮದ ಜೊತೆ ಪ್ಯೂಮಿಸ್, ಲಾವಾ ಎಂಬ ಜ್ವಾಲಾಮುಖಿ ಕಲ್ಲುಗಳನ್ನು ಸಮಪಾಲಿನಲ್ಲಿ ಬೆರೆಸಿ ಅಂಗಡಿಯವರೇ ಮಾರುವ ಸಿದ್ಧ ಮಿಶ್ರಣ; ಮತ್ತು ಸುಟ್ಟ ಜೇಡಿಮಣ್ಣಿನ ಹರಳಿಗೆ ಪೈನ್ ತೊಗಟೆ ಸೇರಿಸಿದ ಅಗ್ಗದ ಮಿಶ್ರಣ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೇಪಲ್ ಮಟ್ಟಿಗೆ ಅಕಡಾಮ ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಆದರೆ ಅದು ಕಾಲಕ್ರಮದಲ್ಲಿ ಪುಡಿಯಾಗುವ ಮಣ್ಣು ಎಂಬುದನ್ನು ಅರಿತು, ನಾವಿರುವ ಊರಿನ ಚಳಿಗೆ ತಕ್ಕಷ್ಟು ಗಟ್ಟಿ ಕಲ್ಲನ್ನು ಜೊತೆಗೆ ಸೇರಿಸಿದವರಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆ.

ಟೋಕಿಯೊ ನಗರವನ್ನೂ ಅದರ ಉತ್ತರದ ತೊಚಿಗಿ, ಇಬರಾಕಿ ಪ್ರಾಂತ್ಯಗಳನ್ನೂ ಒಳಗೊಂಡ ಕಾಂಟೋ ಬಯಲಿನ ಮೇಲೆ ಫುಜಿ, ಹಕೋನೆ, ಅಸಾಮ, ಅಕಾಗಿ ಮುಂತಾದ ಜ್ವಾಲಾಮುಖಿಗಳ ಬೂದಿ ಸಾವಿರಾರು ವರ್ಷ ಸುರಿದು, ಮಳೆನೀರಿನಲ್ಲಿ ಶಿಥಿಲವಾಗಿ, ಕಂದುಬಣ್ಣದ ಜೇಡಿಯಾಗಿ ಮಾರ್ಪಟ್ಟಿದೆ. ಅದನ್ನು ನೆಲದಡಿಯಿಂದ ಅಗೆದು, ಒಣಗಿಸಿ, ಜರಡಿ ಹಿಡಿದು, ಹರಳಿನ ಗಾತ್ರದ ಪ್ರಕಾರ ಬೇರ್ಪಡಿಸಿದರೆ ಅಕಡಾಮವಾಯಿತು. ಇದರಲ್ಲಿರುವ ಅಲೋಫೇನ್ ಎಂಬ ಖನಿಜದ ಕಣಗಳು ಒಳಗೆ ಟೊಳ್ಳಾದ ಅತಿಸೂಕ್ಷ್ಮ ಗೋಲಗಳಾಗಿರುವುದರಿಂದ ಹರಳೊಂದು ತನ್ನ ಗಾತ್ರಕ್ಕೆ ಮೀರಿ ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪಿಎಚ್ 6ರಿಂದ 7ರ ನಡುವೆ, ಅಂದರೆ ಮೇಪಲ್ ಇಷ್ಟಪಡುವಂತೆ ತುಸು ಆಮ್ಲೀಯವಾಗಿರುತ್ತದೆ. ಅದೇ ಪ್ರದೇಶದ ಕನುಮಾ ಪಟ್ಟಣದ ಹೆಸರಿನಲ್ಲಿ ಮಾರಾಟವಾಗುವ ಹಳದಿ ಮಣ್ಣು ಇನ್ನೂ ಆಮ್ಲೀಯವಾದುದು, ಸತ್ಸುಕಿ ಅಜೇಲಿಯಾ ಎಂಬ ಹೂಗಿಡಕ್ಕೆ ಹೇಳಿ ಮಾಡಿಸಿದ್ದು. ಮೇಪಲ್‌ಗೆಂದು ಅದನ್ನು ಕೊಳ್ಳುವ ಅಗತ್ಯವಿಲ್ಲ.

ಮೇಪಲ್ ಎಲೆ ತೆಳುವಾಗಿ, ಅಗಲವಾಗಿ ಹರಡಿಕೊಂಡಿರುತ್ತದೆ. ಜುಲೈ ತಿಂಗಳ ಬಿಸಿಲಿನಲ್ಲಿ ಅದು ಆವಿಯಾಗಿ ಬಿಡುವಷ್ಟು ನೀರನ್ನು ಬೇರು ಒದಗಿಸಲಾರದೆ ಹೋದರೆ ಎಲೆಯ ಅಂಚು ಒಂದೇ ಮಧ್ಯಾಹ್ನದಲ್ಲಿ ಕಂದಿ ಸುರುಟಿಕೊಳ್ಳುತ್ತದೆ, ಮತ್ತು ಆ ಎಲೆ ಆ ವರ್ಷವಿಡೀ ಹಾಗೆಯೇ ಉಳಿಯುತ್ತದೆ. ಹಾಗೆಂದು ಬೇರು ಸದಾ ನೀರಿನಲ್ಲಿ ನೆನೆದಿದ್ದರೆ ಉಸಿರಾಡಲು ಗಾಳಿಯಿಲ್ಲದೆ ಕೊಳೆಯುತ್ತದೆ. ಫೈಟಾಫ್ತೊರಾದಂಥ ಬೇರುಕೊಳೆ ರೋಗಕಾರಕಗಳಿಗೆ ಆಹ್ವಾನ ಕೊಟ್ಟಂತೆಯೂ ಆಗುತ್ತದೆ. ಪೈನ್ ಗಿಡವಾದರೆ ಒಂದಿಷ್ಟು ಒಣಗಿದರೂ ತಾಳಿಕೊಂಡೀತು, ಮೇಪಲ್ ತಾಳುವುದಿಲ್ಲ. ತೇವವೂ ಇರಬೇಕು, ಗಾಳಿಯೂ ಆಡಬೇಕು ಎಂಬ ಈ ಎರಡು ಬೇಡಿಕೆಗಳನ್ನು ತೋಟದ ಸಾಮಾನ್ಯ ಮಣ್ಣಾಗಲಿ, ಕಾಂಪೋಸ್ಟ್ ತುಂಬಿದ ಚೀಲದ ಮಣ್ಣಾಗಲಿ ಬೋನ್ಸಾಯ್ ಕುಂಡದಲ್ಲಿ ಒಟ್ಟಿಗೆ ಪೂರೈಸಲಾರದು.

ಇದಕ್ಕೆ ಕಾರಣ ಕುಂಡದ ಆಳ. ಯಾವುದೇ ಕುಂಡಕ್ಕೆ ನೀರು ಹಾಕಿ ಪೂರ್ತಿ ಬಸಿಯಲು ಬಿಟ್ಟ ನಂತರವೂ ತಳದಲ್ಲಿ ಒಂದು ಪದರದಷ್ಟು ಮಣ್ಣು ನೀರಿನಿಂದ ತುಂಬಿಕೊಂಡೇ ಉಳಿಯುತ್ತದೆ, ಮತ್ತು ಆ ಪದರ ಎಷ್ಟು ಎತ್ತರವಿರುತ್ತದೆ ಎಂಬುದನ್ನು ಮಣ್ಣಿನ ಕಣಗಳ ಗಾತ್ರ ನಿರ್ಧರಿಸುತ್ತದೆಯೇ ಹೊರತು ಕುಂಡದ ಆಳವಲ್ಲ. ನೆನೆದ ಸ್ಪಂಜನ್ನು ಮಲಗಿಸಿದಾಗ ಹನಿಯುವುದು ನಿಂತ ಮೇಲೆ ಅದನ್ನೇ ಎತ್ತಿ ಲಂಬವಾಗಿ ಹಿಡಿದರೆ ಮತ್ತಷ್ಟು ನೀರು ಸುರಿಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಮೇಪಲ್‌ಗೆ ಒಪ್ಪುವ ಕುಂಡ ಐದಾರು ಸೆಂಟಿಮೀಟರಿಗಿಂತ ಹೆಚ್ಚು ಆಳವಿರುವುದು ಅಪರೂಪ. ಅಷ್ಟು ತೆಳು ಕುಂಡದಲ್ಲಿ ಸಣ್ಣ ಕಣಗಳ ಮಣ್ಣನ್ನು ತುಂಬಿದರೆ ಅರ್ಧಕ್ಕರ್ಧ ಬೇರು ಕೆಸರಿನಲ್ಲಿ ನಿಂತಂತಾಗುತ್ತದೆ. ಹರಳು ದೊಡ್ಡದಾದಷ್ಟೂ ಈ ಪದರ ತಗ್ಗುತ್ತದೆ. ತಳಕ್ಕೆ ಬೇರೆ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಇಂದಿಗೂ ಹರಿದಾಡುತ್ತಿದೆ. ಆಗುವುದು ಅದಕ್ಕೆ ವಿರುದ್ಧ: ನೀರು ನಿಲ್ಲುವ ಪದರ ಆ ಜಲ್ಲಿಯ ಮೇಲಕ್ಕೆ ಸರಿದು ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಆದ್ದರಿಂದ ತೆಳು ಕುಂಡಗಳಲ್ಲಿ ನಾನು ತಳಪದರವನ್ನೇ ಹಾಕುವುದಿಲ್ಲ.

ಗಟ್ಟಿ ಹರಳಿನ ಯಾವ ಮಣ್ಣಾದರೂ ಇಷ್ಟು ಕೆಲಸವನ್ನು ಮಾಡುತ್ತದೆ. ಅಕಡಾಮಕ್ಕೆ ಹೆಚ್ಚು ಬೆಲೆ ಕೊಡುವುದು ಬೇರೊಂದು ಕಾರಣಕ್ಕೆ, ಮತ್ತು ಆ ಕಾರಣ ಕಣ್ಣಿಗೆ ಬೀಳುವುದು ಗಿಡವನ್ನು ಕುಂಡದಿಂದ ಎತ್ತಿದಾಗಲೇ. ಎರಡು ಬೇಸಗೆ ಕಳೆದ ಗಿಡದ ಬೇರಿನ ಗಂಟನ್ನು ಕಡ್ಡಿಯಿಂದ ಮೆಲ್ಲಗೆ ಬಿಡಿಸುತ್ತ ಹೋದರೆ ಲಾವಾ ಕಲ್ಲಿನ ಚೂರುಗಳು ಟಪಟಪನೆ ಉದುರಿಬಿಡುತ್ತವೆ. ಅಕಡಾಮದ ಹರಳುಗಳು ಉದುರುವುದಿಲ್ಲ. ಒಂದನ್ನು ಹಿಡಿದು ಭೂತಗನ್ನಡಿಯ ಕೆಳಗೆ ನೋಡಿದರೆ ದಾರದಷ್ಟು ಸಣ್ಣ ಬಿಳಿ ಬೇರು ಹರಳಿನ ಒಂದು ಬದಿಯಿಂದ ಒಳಹೊಕ್ಕು ಇನ್ನೊಂದು ಬದಿಯಲ್ಲಿ ಎರಡು ಮೂರು ಕವಲಾಗಿ ಹೊರಬಂದಿರುವುದು ಕಾಣುತ್ತದೆ. ಬೇರು ಒಳಗೆ ನುಗ್ಗಿ ಹರಳನ್ನು ಸೀಳುತ್ತದೆ, ಸೀಳಿದ ತುಂಡುಗಳ ನಡುವೆ ಇನ್ನೂ ಸಣ್ಣ ಬೇರು ಹುಟ್ಟುತ್ತದೆ. ನವಿರು ಬೇರುಗಳ ಈ ಜಾಲ ದಟ್ಟವಾದಂತೆ ಮೇಲಿನ ಕೊಂಬೆಗಳ ತುದಿಯೂ ಸಣ್ಣದಾಗಿ, ಗೆಣ್ಣುಗಳ ನಡುವಿನ ಅಂತರ ಕಿರಿದಾಗಿ ಬೆಳೆಯುತ್ತದೆ ಎನ್ನುವುದು ಬೋನ್ಸಾಯ್ ಬೆಳೆಗಾರರ ಅನುಭವ. ನನ್ನ ಗಿಡಗಳೂ ಅದಕ್ಕೆ ಎದುರಾಗಿ ನಡೆದುಕೊಂಡಿಲ್ಲ. ಅಕಡಾಮ ಪುಡಿಯಾಗುತ್ತದೆ ಎಂದು ದೂರುವವರು ಈ ಸಂಗತಿಯನ್ನು ಗಮನಿಸಬೇಕು. ಅದು ಒಡೆಯುವಂಥದ್ದಾಗಿಲ್ಲದಿದ್ದರೆ ಬೇರು ಒಳಹೋಗುತ್ತಲೇ ಇರಲಿಲ್ಲ.

ಆದರೆ ಬೇರಿಗೆ ಒಡೆಯುವುದು ಬೇರೆ, ಹಿಮಕ್ಕೆ ಒಡೆಯುವುದು ಬೇರೆ. ನೀರು ಕುಡಿದ ಹರಳು ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟುವ ನಮ್ಮಲ್ಲಿನ ಜನವರಿ, ಫೆಬ್ರವರಿಗಳಲ್ಲಿ ಮೆದುವಾದ ಅಕಡಾಮ ಬೇರು ಅದನ್ನು ಮುಟ್ಟುವ ಮೊದಲೇ ಹಿಟ್ಟಾಗುತ್ತದೆ. ಹಿಟ್ಟು ತಳಕ್ಕಿಳಿದು ಹರಳುಗಳ ನಡುವಿನ ಗಾಳಿಯ ಜಾಗವನ್ನು ಮುಚ್ಚಿದರೆ, ಮೇಲೆ ಹೇಳಿದ ನೀರಿನ ಪದರ ಕುಂಡದ ಅರ್ಧಕ್ಕೇರುತ್ತದೆ. ಇದನ್ನು ತಡೆಯಲು ಇರುವ ದಾರಿಗಳು ಎರಡು: ಗಟ್ಟಿ ದರ್ಜೆಯ ಅಕಡಾಮವನ್ನೇ ಕೊಳ್ಳುವುದು, ಮತ್ತು ಒಡೆಯದ ಕಲ್ಲನ್ನು ಜೊತೆಗೆ ಬೆರೆಸುವುದು. ಚೀಲದ ಮೇಲೆ ಎರಡು ಕೆಂಪು ಗೆರೆಗಳಿರುವ ಅಕಡಾಮವನ್ನು ಗಟ್ಟಿಯೆಂದು ಬೋನ್ಸಾಯ್ ಬಳಗದಲ್ಲಿ ಎಲ್ಲರೂ ಹೇಳುತ್ತಾರೆ, ಆದರೂ ಚೀಲದಿಂದ ಚೀಲಕ್ಕೆ ವ್ಯತ್ಯಾಸವಿದ್ದೇ ಇರುತ್ತದೆ. ನಾನು ನಂಬುವುದು ಒಂದು ಸಣ್ಣ ಪರೀಕ್ಷೆಯನ್ನು. ಒಂದು ಮುಷ್ಟಿ ಹರಳನ್ನು ಗಾಜಿನ ಲೋಟದ ನೀರಿನಲ್ಲಿ ನೆನೆಸಿ, ಲೋಟವನ್ನು ಫ್ರೀಜರಿನಲ್ಲಿಟ್ಟು, ಮರುದಿನ ಹೊರಗಿಟ್ಟು ಕರಗಿಸಬೇಕು. ಇದನ್ನು ಕೆಲವು ಸಲ ಮಾಡಿ ಹರಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ನೋಡಬೇಕು. ಒಳ್ಳೆಯ ಹರಳು ಸ್ವಲ್ಪ ಬಲ ಹಾಕಿದ ಮೇಲೆ ಎರಡು ಮೂರು ಹೋಳಾಗುತ್ತದೆ. ಮೆದು ಹರಳು ಬೆರಳಿಗೆ ಕೆಂಪು ಕೆಸರಾಗಿ ಮೆತ್ತಿಕೊಳ್ಳುತ್ತದೆ. ಅಂಥ ಚೀಲವನ್ನು ಮೇಪಲ್‌ಗೆ ಬಳಸದಿರುವುದೇ ಲೇಸು.

ಸಿದ್ಧ ಮಿಶ್ರಣದ ವಿಚಾರಕ್ಕೆ ಬಂದರೆ, ಅಕಡಾಮ, ಪ್ಯೂಮಿಸ್, ಲಾವಾಗಳನ್ನು ಒಂದೊಂದು ಪಾಲು ಸೇರಿಸುವ ಸೂತ್ರ ಅಮೆರಿಕದಲ್ಲಿ ಬೋನ್ಸಾಯ್ ಶಿಕ್ಷಕ ಬೂನ್ ಮನಕಿಟಿವಿಪಾರ್ಟ್ ಅವರ ಹೆಸರಿನಿಂದಲೇ ಬೂನ್ ಮಿಶ್ರಣವೆಂದು ಬಳಕೆಯಲ್ಲಿದೆ. ಪ್ಯೂಮಿಸ್ ತನ್ನ ರಂಧ್ರಗಳಲ್ಲಿ ನೀರು ಹಿಡಿದು ಹಿಮಕ್ಕೆ ಜಗ್ಗದೆ ನಿಲ್ಲುತ್ತದೆ. ಲಾವಾ ಕಲ್ಲು ಹರಳುಗಳ ನಡುವೆ ಗಾಳಿಯ ಜಾಗವನ್ನು ಕಾಯುತ್ತದೆ. ಪೈನ್, ಜುನಿಪರ್‌ಗಳಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಬೇಕಿಲ್ಲ, ಇನ್ನೂ ಕಾಂಡ ದಪ್ಪವಾಗಬೇಕಾದ ಎಳೆಯ ಮೇಪಲ್‌ಗಳಿಗೂ ಇದು ಸಾಕು. ಆದರೆ ಕೊಂಬೆ ಹರಡಿ ರೂಪು ತಳೆದ ಮೇಪಲ್‌ಗೆ ಇದು ಬೇಗ ಒಣಗುವ ಮಣ್ಣು. ಆಫೀಸಿಗೆ ಹೋಗಿ ಸಂಜೆ ಬರುವವರು ಬೇಸಗೆಯಲ್ಲಿ ಬೆಳಿಗ್ಗೆಯೊಂದು, ಸಂಜೆಯೊಂದು ಸಲ ನೀರು ಹಾಕಿದರೂ ನಡುಮಧ್ಯಾಹ್ನ ಎಲೆ ಬಾಡಿರುತ್ತದೆ. ಸಿದ್ಧ ಮಿಶ್ರಣದ ಇನ್ನೊಂದು ತೊಡಕು ಧೂಳು. ನಾನೊಮ್ಮೆ ತರಿಸಿದ ಚೀಲವನ್ನು ಜರಡಿ ಹಿಡಿದಾಗ ತಳಕ್ಕೆ ಬಿದ್ದ ಪುಡಿಯ ರಾಶಿಯನ್ನು ಕಂಡು, ಸಾಗಣೆಯ ವೆಚ್ಚವನ್ನು ನಾನು ಕೊಟ್ಟಿದ್ದು ಕಲ್ಲಿಗೋ ಧೂಳಿಗೋ ಎಂದು ಬೇಸರವಾಗಿತ್ತು. ಮೂರೂ ವಸ್ತುಗಳನ್ನು ಬಿಡಿಯಾಗಿ ಕೊಂಡು ಮನೆಯಲ್ಲೇ ಬೆರೆಸುವುದು ಅಗ್ಗ, ಪಾಲನ್ನು ಬದಲಿಸುವ ಸ್ವಾತಂತ್ರ್ಯವೂ ಇರುತ್ತದೆ.

ಬೇಸ್‌ಬಾಲ್ ಮೈದಾನಗಳಿಗೆ ಹರಡಲೆಂದು ತಯಾರಿಸುವ ಸುಟ್ಟ ಜೇಡಿಮಣ್ಣಿಗೆ ಪೈನ್ ತೊಗಟೆ ಬೆರೆಸಿದ ಮಿಶ್ರಣ ಬೆಲೆಯಲ್ಲಿ ಎಲ್ಲವನ್ನೂ ಸೋಲಿಸುತ್ತದೆ, ಗುಣದಲ್ಲಿ ಅಲ್ಲ. ಆ ಹರಳುಗಳಲ್ಲಿ ಬಹುಪಾಲು ಬೋನ್ಸಾಯ್‌ಗೆ ಬೇಕಾದುದಕ್ಕಿಂತ ಸಣ್ಣವು, ಚಪ್ಪಟೆಯವು. ಒಂದರ ಮೇಲೊಂದು ಕೂತು ನಡುವಿನ ಜಾಗವನ್ನು ಮುಚ್ಚುತ್ತವೆ. ಮೇಲುಪದರ ಒಣಗಿದಂತೆ ಕಂಡರೂ ಒಳಗೆ ತೇವ ನಿಂತಿರುವುದರಿಂದ ಯಾವಾಗ ನೀರು ಹಾಕಬೇಕೆಂದು ತಿಳಿಯುವುದೂ ಕಷ್ಟ. ಅಕಡಾಮದಲ್ಲಿ ಈ ತೊಂದರೆಯಿಲ್ಲ: ಒಣಗಿದಾಗ ತಿಳಿ ಕಂದು, ನೆನೆದಾಗ ಗಾಢ ಕಂದು, ದೂರದಿಂದಲೇ ಕಾಣುತ್ತದೆ. ಆದರೂ ನರ್ಸರಿಯಿಂದ ತಂದ ಗಿಡವನ್ನು ನಾಲ್ಕೈದು ವರ್ಷ ದೊಡ್ಡ ಪೆಟ್ಟಿಗೆಯಲ್ಲಿ ಬೆಳೆಸಿ ಕಾಂಡ ದಪ್ಪ ಮಾಡುವ ಹಂತದಲ್ಲಿ ಅಕಡಾಮ ಸುರಿಯುವುದು ದುಂದು. ಅಲ್ಲಿ ಈ ಅಗ್ಗದ ಮಣ್ಣನ್ನೇ ಜರಡಿ ಹಿಡಿದು ಬಳಸಬಹುದು. ಇಂಗ್ಲೆಂಡಿನ ಬೆಳೆಗಾರರು ಇದೇ ಕೆಲಸಕ್ಕೆ ಡೆನ್ಮಾರ್ಕಿನ ಮೋಲರ್ ಜೇಡಿಯಿಂದ ಮಾಡಿದ ಬೆಕ್ಕಿನ ಕಕ್ಕಸಿನ ಹರಳನ್ನು ಬಳಸುತ್ತಾರೆ. ಸುವಾಸನೆ ಬೆರೆಸಿಲ್ಲದ, ನೀರಿನಲ್ಲಿ ಗಂಟು ಕಟ್ಟದ ಬಗೆಯಾಗಿದ್ದರೆ ಅದೂ ಬೇಡವೆನ್ನುವಂಥದ್ದಲ್ಲ.

ರೂಪುಗೊಂಡ ಮೇಪಲ್‌ಗಳಿಗೆ ನಾನು ಈಗ ಬಳಸುವುದು ಎರಡು ಪಾಲು ಅಕಡಾಮ, ಒಂದು ಪಾಲು ಪ್ಯೂಮಿಸ್, ಒಂದು ಪಾಲು ಲಾವಾ. ಸಾಮಾನ್ಯ ಗಾತ್ರದ ಗಿಡಕ್ಕೆ 3ರಿಂದ 6 ಮಿಲಿಮೀಟರಿನ ಹರಳು, ಅಂಗೈಯಲ್ಲಿ ಕೂರುವ ಶೋಹಿನ್ ಗಾತ್ರದ ಗಿಡಕ್ಕೆ 1ರಿಂದ 3 ಮಿಲಿಮೀಟರಿನದು. ಮಳೆ ಬೀಳುವ ದಿನಗಳು ಹೆಚ್ಚಿರುವ ಸಿಯಾಟಲ್ ಕಡೆಯವರು ಪ್ಯೂಮಿಸ್ ಪಾಲನ್ನು ಏರಿಸಿಕೊಳ್ಳಬೇಕಾದೀತು; ಚಳಿಗಾಲದಲ್ಲಿ ಕುಂಡವನ್ನು ಹೆಪ್ಪುಗಟ್ಟದ ಗ್ಯಾರೇಜಿನಲ್ಲಿ ಇಡಬಲ್ಲವರು ಅಕಡಾಮವನ್ನು ಮುಕ್ಕಾಲು ಪಾಲಿನವರೆಗೆ ಹೆಚ್ಚಿಸಬಹುದು. ಆದರೆ ಜರಡಿಯನ್ನು ಯಾರೂ ಬಿಡುವಂತಿಲ್ಲ. ಹರಳು ಪೂರ್ತಿ ಒಣಗಿರುವಾಗಲೇ ಜರಡಿ ಹಿಡಿಯಬೇಕು, ಏಕೆಂದರೆ ತೇವವಿದ್ದರೆ ಧೂಳು ಹರಳಿಗೇ ಅಂಟಿಕೊಂಡು ಕುಂಡದೊಳಗೆ ಹೋಗಿ ಆಮೇಲೆ ತೊಳೆದು ತಳಕ್ಕಿಳಿಯುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಮಾರ್ಚ್ ಕೊನೆಯಲ್ಲಿ ಮೊಗ್ಗು ಉಬ್ಬಿ ಇನ್ನೂ ಬಿರಿಯದಿರುವಾಗ ಕುಂಡ ಬದಲಿಸಿ, ಹೊಸ ಮಣ್ಣನ್ನು ಕಡ್ಡಿಯಿಂದ ಬೇರುಗಳ ನಡುವೆ ಇಳಿಸಿ, ತಳದ ತೂತಿನಿಂದ ಬರುವ ನೀರು ತಿಳಿಯಾಗುವವರೆಗೂ ಎರೆಯಬೇಕು. ಎಳೆಯ ಗಿಡಕ್ಕೆ ಎರಡು ವರ್ಷಕ್ಕೊಮ್ಮೆ, ಬಲಿತ ಗಿಡಕ್ಕೆ ಮೂರು ನಾಲ್ಕು ವರ್ಷಕ್ಕೊಮ್ಮೆ ಹೀಗೆ ಮಣ್ಣು ಬದಲಿಸುವವರಿಗೆ ಅಕಡಾಮದ ಆಯುಸ್ಸು ಸಾಲುತ್ತದೆ. ಹತ್ತು ವರ್ಷ ಮುಟ್ಟದೆ ಬಿಡುವವರಿಗೆ ಅಲ್ಲ. ಗೊಬ್ಬರದ ವಿಷಯದಲ್ಲಿ ಒಂದು ಎಚ್ಚರ: ಅಲೋಫೇನ್ ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಆದ್ದರಿಂದ ಒಮ್ಮೆಲೇ ಸುರಿಯುವುದಕ್ಕಿಂತ ಮಣ್ಣಿನ ಮೇಲಿಟ್ಟು ನಿಧಾನವಾಗಿ ಕರಗುವ ಸಾವಯವ ಗೊಬ್ಬರದ ಉಂಡೆ ಇಲ್ಲಿ ಹೊಂದುತ್ತದೆ.

ಬೆಂಗಳೂರಿನ ಬಂಧುಗಳು ಕೆಲವರು ಅಕಡಾಮ ತರಿಸಿಕೊಂಡರೆ ತಮ್ಮ ತಾರಸಿಯಲ್ಲೂ ಜಪಾನಿ ಮೇಪಲ್ ನಿಲ್ಲುತ್ತದೆಯೇ ಎಂದು ಕೇಳುತ್ತಾರೆ. ನಿಲ್ಲುವುದಿಲ್ಲವೆಂದೇ ಹೇಳಬೇಕಾಗುತ್ತದೆ. ಎಲೆ ಉದುರಿಸಿ ವಿಶ್ರಮಿಸಲು ಈ ಗಿಡಕ್ಕೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ವಾರಗಟ್ಟಲೆ ಬೇಕು. ಬೆಂಗಳೂರಿನ ಜನವರಿಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತವೆ, ಆ ಕೊರತೆಯನ್ನು ಯಾವ ಮಣ್ಣೂ ತುಂಬಲಾರದು. ಅಲ್ಲಿ ಆಲ, ಅತ್ತಿ, ಅರಳಿ ಜಾತಿಯ ಗಿಡಗಳಿಗೆ ಜರಡಿ ಹಿಡಿದ ಇಟ್ಟಿಗೆ ಚೂರು ಸಾಕಷ್ಟು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದಕ್ಕಾಗಿ ಜಪಾನಿನ ಮಣ್ಣಿಗೆ ಹಣ ಸುರಿಯಬೇಕಿಲ್ಲ.

ಕೊಳ್ಳುವವರಿಗೆ ಇನ್ನೊಂದು ಮಾತು ಹೇಳಬೇಕು. ವಸಂತ ಬರುತ್ತಿದ್ದಂತೆ ಎಲ್ಲರೂ ಒಟ್ಟಿಗೆ ಮುಗಿಬೀಳುವುದರಿಂದ ಬೇಕಾದ ಗಾತ್ರದ ಹರಳು ಆಗ ಸಿಗದೆ ಹೋಗಬಹುದು. ಶರತ್ಕಾಲದಲ್ಲೇ ತಂದಿಡುವುದು ಒಳಿತು. ಆದರೆ ಚೀಲವನ್ನು ಹೊರಗಿನ ಶೆಡ್ಡಿನಲ್ಲಿ ತೇವಕ್ಕೆ ಬಿಡದೆ ಮನೆಯೊಳಗೇ ಇಡಬೇಕು. ತೇವ ಎಳೆದುಕೊಂಡ ಚೀಲ ಶೆಡ್ಡಿನಲ್ಲಿ ಹೆಪ್ಪುಗಟ್ಟಿದರೆ, ಗಿಡದ ಬೇರನ್ನು ಕಾಣುವ ಮೊದಲೇ ಅದರ ಅರ್ಧ ಆಯುಸ್ಸು ಮುಗಿದಿರುತ್ತದೆ.