ಹೊಸ ಗ್ಲೋ ಎಂಜಿನ್ ಪಳಗಿಸುವುದು: ತಣ್ಣಗೋ, ಬಿಸಿಯಾಗೋ?

ಮಾಡೆಲ್ ವಿಮಾನದ ಹೊಸ ಗ್ಲೋ ಎಂಜಿನ್ (ಗ್ಲೋ ಪ್ಲಗ್‌ನ ಬಿಸಿಯಿಂದ ಇಂಧನ ಉರಿಸುವ ಪುಟ್ಟ ಎಂಜಿನ್) ಬಂದ ಕೂಡಲೇ, ಅದನ್ನು ಪಳಗಿಸಲು, ಅಂದರೆ ಒಳಭಾಗಗಳು ಹೊಂದಿಕೊಳ್ಳುವಂತೆ ಮೊದಮೊದಲು ಓಡಿಸಲು, ಸಿಗುವ ಸಲಹೆ ಒಂದೇ: ರಿಚ್ ಆಗಿ (ಗಾಳಿಗೆ ಹೋಲಿಸಿದರೆ ಇಂಧನ ಜಾಸ್ತಿ) ಇಟ್ಟು, ನಿಧಾನವಾಗಿ, ತಣ್ಣಗೆ ಓಡಿಸು. ಈ ಸಲಹೆ ಅರ್ಧ ಮಾತ್ರ ಸರಿ. ನಾನು ಎರಡು ಬಗೆಯ ಟೂ ಸ್ಟ್ರೋಕ್ ಎಂಜಿನ್‌ಗಳನ್ನು ಸ್ಟ್ಯಾಂಡ್ ಮೇಲೆ ಓಡಿಸಿ ನೋಡಿದ್ದೇನೆ, ಎರಡೂ 6.5 ಸಿಸಿ. ಒಂದಕ್ಕೆ ಪಿಸ್ಟನ್ ರಿಂಗ್ ಇದೆ. ಇನ್ನೊಂದು ಎಬಿಸಿ, ಅಂದರೆ ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆ ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಲೈನರ್ ಒಳಮೈಗೆ ಕ್ರೋಮ್.

ರಿಂಗ್ ಎಂಜಿನ್‌ಗೆ ಹಳೆಯ ದಾರಿಯೇ ಒಳ್ಳೆಯದು. ನೀಡಲ್ (ಇಂಧನದ ಹರಿವು ಹೊಂದಿಸುವ ತಿರುಪು) ಚೆನ್ನಾಗಿ ತೆರೆದಿಟ್ಟರೆ ಅದು ಸುತ್ತು ಬಿಟ್ಟು ಸುತ್ತು ಉರಿಯುತ್ತದೆ, ಸದ್ದು ದಪ್ಪಗಾಗುತ್ತದೆ, ಸೈಲೆನ್ಸರ್‌ನಿಂದ ಎಣ್ಣೆ ಧಾರಾಳವಾಗಿ ಬರುತ್ತದೆ. ಹಾಗೇ ಓಡಿಸಿ, ನಡುವೆ ಕೆಲವು ಕ್ಷಣ ಮಾತ್ರ ಲೀನ್ (ಇಂಧನ ಕಡಿಮೆ) ಮಾಡಿ ಮತ್ತೆ ರಿಚ್‌ಗೆ ತರಬೇಕು. ರಿಂಗ್ ಲೈನರ್‌ಗೆ ಹೊಂದಿಕೊಳ್ಳಲು ಸಮಯ ಬೇಕು, ಅವಸರ ಬೇಡ.

ಎಬಿಸಿ ಲೆಕ್ಕವೇ ಬೇರೆ. ಅದರ ಲೈನರ್ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ಅದಕ್ಕೇ ತಣ್ಣಗಿದ್ದಾಗ ಪ್ರಾಪ್ (ಪ್ರೊಪೆಲ್ಲರ್) ತಿರುಗಿಸಿದರೆ ಪಿಸ್ಟನ್ ತುದಿಗೆ ಬಂದಾಗ ಬಿಗಿಯಾಗಿ ಕಿರ್ ಅನ್ನುತ್ತದೆ. ಗಾಬರಿ ಬೇಡ, ಅದು ದೋಷವಲ್ಲ. ಬಿಸಿಯಾದಾಗ ಹಿತ್ತಾಳೆ ಪಿಸ್ಟನ್‌ಗಿಂತ ಜಾಸ್ತಿ ಹಿಗ್ಗುತ್ತದೆ, ಬಿಗಿ ಸಡಿಲವಾಗುತ್ತದೆ, ಆಗಲೇ ಎರಡಕ್ಕೂ ಸರಿಯಾದ ಅಂತರ ಸಿಗುವುದು. ಇದನ್ನು ತಣ್ಣಗೆ, ತೀರಾ ರಿಚ್ ಆಗಿ ತಾಸುಗಟ್ಟಲೆ ಓಡಿಸಿದರೆ ಪ್ರತಿ ಸುತ್ತಿಗೂ ಪಿಸ್ಟನ್ ಆ ಬಿಗಿ ಜಾಗಕ್ಕೆ ಉಜ್ಜುತ್ತದೆ, ಕನೆಕ್ಟಿಂಗ್ ರಾಡ್ ಮೇಲೂ ಸುಮ್ನೆ ಹೊರೆ. ಆ ಬಿಗಿಯೇ ಎಂಜಿನ್‌ನ ಕಂಪ್ರೆಷನ್, ಅದು ಸವೆದರೆ ಮತ್ತೆ ಬರುವುದಿಲ್ಲ ಅಲ್ವಾ?

ಹಾಗಾಗಿ ಎಬಿಸಿಗೆ ಸ್ವಲ್ಪ ಚಿಕ್ಕ ಪ್ರಾಪ್ ಹಾಕಿ, ಹೇರ್ ಡ್ರೈಯರ್‌ನಿಂದ ಎಂಜಿನ್‌ನ ತಲೆ ಬೆಚ್ಚಗೆ ಮಾಡಿ ಸ್ಟಾರ್ಟ್ ಮಾಡುತ್ತೇನೆ, ಬೇಗನೆ ಟೂ ಸ್ಟ್ರೋಕ್ ಸದ್ದಿಗೆ, ಅಂದರೆ ಪ್ರತಿ ಸುತ್ತಿಗೂ ಉರಿಯುವಾಗಿನ ಸದ್ದಿಗೆ, ತರುತ್ತೇನೆ, ಆದರೆ ಆ ಸದ್ದಿನಲ್ಲೂ ರಿಚ್ ಕಡೆಗೇ. ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ, ಕೈಗೆ ತಣ್ಣಗೆ ಆಗುವವರೆಗೂ ಕಾಯುತ್ತೇನೆ. ಮತ್ತೆ ಹಾಗೇ, ಪ್ರತಿ ಸಲ ಸ್ವಲ್ಪ ಹೊತ್ತು ಜಾಸ್ತಿ. ಬಿಸಿಯಾಗಿ ತಣ್ಣಗಾಗುವ ಈ ಓಡಾಟದಲ್ಲೇ ಪಿಸ್ಟನ್ ಮತ್ತು ಲೈನರ್ ಹೊಂದಿಕೊಳ್ಳುತ್ತವೆ.

ಸ್ಟ್ಯಾಂಡ್ ಬಿಟ್ಟು ನೇರವಾಗಿ ಹಾರಿಸಿಯೇ ಪಳಗಿಸುವವರೂ ಇದ್ದಾರೆ. ಗಾಳಿಯಲ್ಲಿ ಎಂಜಿನ್ ಚೆನ್ನಾಗಿ ತಂಪಾಗುತ್ತದೆ, ನಿಜ. ಆದರೆ ಹೊಸದು ಯಾವಾಗ ನಿಂತುಬಿಡುತ್ತದೋ ಹೇಳಲಾಗದು, ಅದಕ್ಕೆ ನಾನು ಮೊದಲು ಸ್ಟ್ಯಾಂಡ್, ಆಮೇಲೆ ರಿಚ್ ಆಗಿ ಕೆಲವು ಹಾರಾಟ.

ಇಂಧನದಲ್ಲಿ ಬರೀ ಸಿಂಥೆಟಿಕ್ ಎಣ್ಣೆಗಿಂತ ಸ್ವಲ್ಪ ಹರಳೆಣ್ಣೆ ಸೇರಿದ್ದು ನನಗೆ ಇಷ್ಟ. ಅಂಟು ಕಂದು ಪದರ ಬಿಡುತ್ತದೆ, ಒರೆಸುವ ಕೆಲಸ ಜಾಸ್ತಿ, ಆದರೂ ಬಿಸಿ ಏರಿದಾಗ ಲೋಹವನ್ನು ಕಾಪಾಡುತ್ತದೆ. ಒಟ್ಟು ಎಣ್ಣೆ 20% ಇದ್ದರೆ ನೆಮ್ಮದಿ.

ಪಳಗಿತೋ ಇಲ್ಲವೋ ನೋಡಲು ಪ್ರಾಪ್ ಹಿಂದೆ ನಿಂತು, ಪೂರ್ತಿ ಥ್ರಾಟಲ್‌ನಲ್ಲಿ ನೀಡಲ್ ನಿಧಾನಕ್ಕೆ ಒಳಗೆ ತಿರುಗಿಸಿ. ವೇಗ ಏರಿ ಅಲ್ಲೇ ನಿಂತರೆ ಹಾರಿಸಬಹುದು. ಏರಿ ತಾನಾಗಿಯೇ ಇಳಿಯುತ್ತಾ ಬಂದರೆ ಕೂಡಲೇ ರಿಚ್ ಮಾಡಿ, ಇನ್ನೂ ಸ್ವಲ್ಪ ಓಡಿಸಬೇಕು.